ಉಣ್ಣಿ ನಾಯಿ ಮೇಲೆ ಕಮ್ಮಿ, ಗೋಡೆಯಲ್ಲೇ ಜಾಸ್ತಿ

ನಾಯಿ ಸಾಕಿರುವವರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಉಣ್ಣಿ, ಚಿಗಟದ್ದೇ. ಒಂದೇ ಥರದವನ್ನು ಸೇರಿಸಿ ಒಂದು ಮಾಡಿದ್ದೇನೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಲ್ಯಾಬ್ರಡಾರ್. ವಾರಕ್ಕೊಮ್ಮೆ ಉಣ್ಣಿ ಶಾಂಪೂ ಹಾಕಿ ಸ್ನಾನ ಮಾಡಿಸುತ್ತೇವೆ, ದಿನಾ ಸಂಜೆ ಕೂತು ಕೀಳುತ್ತೇವೆ. ಎರಡು ದಿನಕ್ಕೆ ಮತ್ತೆ ಅಷ್ಟೇ. ಬೇರೆ ನಾಯಿಗಳ ಜೊತೆ ಬಿಡುವುದೂ ಇಲ್ಲ. ಎಲ್ಲಿಂದ ಬರುತ್ತವೆ ಇವು? (ಯಲಹಂಕ, ಬೆಂಗಳೂರು)

ಉತ್ತರ: ನಿಮ್ಮ ಮನೆಯಿಂದಲೇ. ಮನೆ ಕೊಳಕು ಅಂತ ಹೇಳುತ್ತಿಲ್ಲ. ಚೊಕ್ಕವಾಗಿ ಟೈಲ್ಸ್ ಹಾಕಿದ ಮನೆಯಲ್ಲೂ ನಾಯಿಗೆ ಹತ್ತುವ ಈ ಕಂದು ಉಣ್ಣಿ ಆರಾಮಾಗಿ ಸಂಸಾರ ಮಾಡುತ್ತದೆ.

ಅದರ ಬದುಕು ಹೀಗೆ. ಹೆಣ್ಣು ಉಣ್ಣಿ ಸುಮಾರು ಒಂದು ವಾರ ನಾಯಿಯ ರಕ್ತ ಕುಡಿದು, ಬೂದು ಬಣ್ಣಕ್ಕೆ ತಿರುಗಿ, ಒಂದು ಸೆಂಟಿಮೀಟರ್‌ನಷ್ಟು ಊದಿಕೊಂಡು ಕೆಳಗೆ ಬೀಳುತ್ತದೆ. ಬಿದ್ದ ಮೇಲೆ ಗೋಡೆ ಬಿರುಕು, ಬಾಗಿಲಿನ ಚೌಕಟ್ಟು, ಸ್ಕರ್ಟಿಂಗ್ ಹಿಂದೆ, ಹೀಗೆ ಕತ್ತಲಿರುವ ಸಂದಿ ಹುಡುಕಿ ಮೊಟ್ಟೆ ಇಡುತ್ತದೆ. ಒಂದೆರಡಲ್ಲ, ಸಾವಿರಗಟ್ಟಲೆ. ನಾಲ್ಕು ಸಾವಿರದವರೆಗೂ ಇಡಬಹುದು. ಇಟ್ಟು ತಾನು ಸಾಯುತ್ತದೆ. ಮೊಟ್ಟೆ ಒಡೆದು ಬರುವ ಮರಿಗೆ ಆರೇ ಕಾಲು, ಕಣ್ಣಿಗೆ ಕಾಣುವುದೇ ಕಷ್ಟ. ಅದು ನಾಯಿ ಹತ್ತಿ ರಕ್ತ ಕುಡಿದು ಇಳಿಯುತ್ತದೆ, ಪೊರೆ ಕಳಚುತ್ತದೆ. ಆಮೇಲೆ ಎಂಟು ಕಾಲಿನ ಎಳೆ ಉಣ್ಣಿಯಾಗಿ ಮತ್ತೆ ಹತ್ತಿ, ಮತ್ತೆ ಇಳಿದು, ಮತ್ತೆ ಪೊರೆ ಬಿಡುತ್ತದೆ. ಮೂರನೇ ಸಲ ಹತ್ತುವಾಗ ಅದು ನೀವು ಕೀಳುವ ದೊಡ್ಡ ಉಣ್ಣಿ. ಅಂದರೆ ಅದರ ಆಯಸ್ಸಿನ ಬಹುಪಾಲು ಕಳೆಯುವುದು ನಾಯಿಯ ಮೇಲಲ್ಲ, ನಿಮ್ಮ ಗೋಡೆಯಲ್ಲಿ. ನೀವು ಸಂಜೆ ಕೂತು ಕೀಳುತ್ತಿರುವುದು ಆ ಹೊತ್ತಿಗೆ ಊಟಕ್ಕೆ ಬಂದವರನ್ನು ಮಾತ್ರ. ಉಳಿದವರು ಇನ್ನೂ ಸರದಿಯಲ್ಲಿದ್ದಾರೆ.

ರಾತ್ರಿ ಟಾರ್ಚ್ ಹಿಡಿದು ನಾಯಿ ಮಲಗುವ ಜಾಗದ ಗೋಡೆ ನೋಡಿ. ಕೆಳಗಲ್ಲ, ಮೇಲೆ ನೋಡಿ. ಈ ಉಣ್ಣಿಗೆ ಹತ್ತುವ ಚಾಳಿ. ಕರ್ಟನ್ ಮಡಿಕೆ, ಸ್ವಿಚ್ ಬೋರ್ಡಿನ ಅಂಚು, ಫೋಟೋ ಫ್ರೇಮಿನ ಹಿಂದೆ, ಸೂರಿನ ಮೂಲೆಯಲ್ಲೂ ಸಿಗುತ್ತವೆ.

ಶಾಂಪೂ ಸ್ನಾನದ ದಿನ ಮೈಮೇಲಿದ್ದವನ್ನು ಕೊಲ್ಲುತ್ತದೆ, ನೀರಿನ ಜೊತೆ ಹೋಗುತ್ತದೆ, ಅಷ್ಟೇ. ನಾಳೆ ಹತ್ತುವ ಉಣ್ಣಿಗೆ ಅದು ಏನೂ ಮಾಡುವುದಿಲ್ಲ. ನಿಮಗೆ ಬೇಕಾಗಿರುವುದು ವಾರಗಟ್ಟಲೆ ಮೈಯಲ್ಲಿ ನಿಲ್ಲುವ ಔಷಧಿ: ಮಾತ್ರೆ, ಬೆನ್ನಿಗೆ ಹಾಕುವ ಹನಿ ಅಥವಾ ಕಾಲರ್, ಯಾವುದಾದರೂ ಒಂದು. ಅದರ ವಿಷಯ ಮುಂದೆ ಹೇಳುತ್ತೇನೆ. ಜೊತೆಗೆ ಮನೆ ಕೆಲಸ. ನಾಯಿಯ ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಒಗೆಯಿರಿ. ಗೋಡೆ ಬಿರುಕಿಗೆ ವೈಟ್ ಸಿಮೆಂಟ್ ತುಂಬಿ. ಸುಮ್ನೆ ಅನ್ನಿಸಬಹುದು, ಆದರೆ ನೂರು ರೂಪಾಯಿ ಒಳಗೆ ಮುಗಿಯುವ ಈ ಕೆಲಸ ಎಷ್ಟೋ ಔಷಧಿಗಿಂತ ಮೇಲು. ತುಂಬಾ ಜಾಸ್ತಿ ಇದ್ದರೆ ಗೊತ್ತಿರುವವರನ್ನು ಕರೆಸಿ ಸಂದಿಗಳಿಗೆ ಸ್ಪ್ರೇ ಮಾಡಿಸಿ. ಪೂರ್ತಿ ಒಣಗುವವರೆಗೆ ನಾಯಿ, ಬೆಕ್ಕು, ಮಗು ಯಾರೂ ಒಳಗೆ ಬೇಡ. ಮೀನಿನ ತೊಟ್ಟಿ ಇದ್ದರೆ ಹೊರಗೆ ಸಾಗಿಸಿ, ಈ ಔಷಧಿಗೆ ಮೀನು ಉಳಿಯುವುದಿಲ್ಲ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು, ಯಾಕೆಂದರೆ ಮೊಟ್ಟೆಗೆ ಸ್ಪ್ರೇ ಅಷ್ಟಾಗಿ ನಾಟುವುದಿಲ್ಲ.

ಇಷ್ಟೆಲ್ಲಾ ಮಾಡಿದರೂ ಪೂರ್ತಿ ಹಿಡಿತಕ್ಕೆ ಬರಲು ಮೂರು ತಿಂಗಳಾದರೂ ಬೇಕು. ಒಂದು ಡೋಸ್ ಹಾಕಿ, ಹದಿನೈದು ದಿನಕ್ಕೆ ಒಂದು ಉಣ್ಣಿ ಕಂಡ ತಕ್ಷಣ "ಡಾಕ್ಟ್ರೇ, ಔಷಧಿ ಡೂಪ್ಲಿಕೇಟ್" ಅಂತ ಬರುವವರೇ ಜಾಸ್ತಿ. ಔಷಧಿ ಸರಿಯಾಗೇ ಇರುತ್ತದೆ. ನಡುವೆ ಬಿಡುವುದೇ ತೊಂದರೆ.

ಪ್ರಶ್ನೆ: ಮಾತ್ರೆ ಒಳ್ಳೆಯದಾ, ಬೆನ್ನಿಗೆ ಹಾಕುವ ಹನಿಯಾ, ಕಾಲರ್ರಾ? ಮಾತ್ರೆ ಕೊಟ್ಟರೆ ಫಿಟ್ಸ್ ಬರುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. (ಮೈಸೂರು)

ಉತ್ತರ: ಪಕ್ಕದ ಮನೆಯವರು ಪೂರ್ತಿ ಸುಳ್ಳು ಹೇಳಿಲ್ಲ. ಈಗ ಸಿಗುವ ಅಗಿಯುವ ಮಾತ್ರೆಗಳಲ್ಲಿ ಇರುವುದು ಫ್ಲೂರಾಲನರ್, ಅಫಾಕ್ಸೊಲನರ್, ಸರೊಲನರ್ ಥರದ ಔಷಧಿ, ಎಲ್ಲ ಒಂದೇ ಗುಂಪಿನವು. ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಮಾರಾಟ ನಿಲ್ಲಿಸಲಿಲ್ಲ, ಬಹುಪಾಲು ನಾಯಿಗಳಿಗೆ ಸುರಕ್ಷಿತ ಎಂದೂ ಹೇಳಿತು. ನನ್ನ ಲೆಕ್ಕ ಇಷ್ಟು: ನಿಮ್ಮ ನಾಯಿಗೆ ಮೊದಲೇ ಫಿಟ್ಸ್ ಬಂದಿದ್ದರೆ ಈ ಮಾತ್ರೆ ಬೇಡ, ಡಾಕ್ಟರಿಗೆ ಆ ವಿಷಯ ಮುಚ್ಚಿಡದೆ ಹೇಳಿ ಬೇರೆ ಔಷಧಿ ಬರೆಸಿಕೊಳ್ಳಿ. ಗಟ್ಟಿಮುಟ್ಟಾದ ನಾಯಿಗೆ, ಅದರಲ್ಲೂ ಉಣ್ಣಿ ಗೋಡೆ ಹತ್ತಿರುವ ಮನೆಯಲ್ಲಿ, ನಾನು ಮೊದಲು ಬರೆಯುವುದು ಮಾತ್ರೆಯನ್ನೇ. ಫ್ಲೂರಾಲನರ್ ಮಾತ್ರೆ ಒಂದಕ್ಕೆ ಸುಮಾರು 12 ವಾರ, ಉಳಿದ ಎರಡು ಥರದ್ದಾದರೆ ತಿಂಗಳಿಗೊಂದು. ಊಟದ ಜೊತೆ ಕೊಡಿ. ದುಡ್ಡು ಉಳಿಸಲು ದೊಡ್ಡ ನಾಯಿಯ ಮಾತ್ರೆ ತಂದು ನಾಲ್ಕು ತುಂಡು ಮಾಡಿ ನಾಲ್ಕು ಮರಿಗಳಿಗೆ ಹಂಚುವವರಿದ್ದಾರೆ. ಬೇಡ. ಯಾರಿಗೆ ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ.

ಒಂದು ವಿಷಯ ನೆನಪಿರಲಿ. ಮಾತ್ರೆ ಉಣ್ಣಿಯನ್ನು ಓಡಿಸುವುದಿಲ್ಲ. ಅದು ಬಂದು ಕಚ್ಚಬೇಕು, ರಕ್ತ ಕುಡಿಯಬೇಕು, ಆಮೇಲೆ ಸಾಯಬೇಕು. ಹಾಗಾಗಿ ಕೊಟ್ಟ ಮೇಲೂ ಉಣ್ಣಿ ಕಾಣುತ್ತವೆ. ಮುಟ್ಟಿ ನೋಡಿದರೆ ಒಣಗಿ ಹೋಗಿರುತ್ತವೆ.

ಬೆನ್ನಿನ ಹನಿಯಲ್ಲಿ ಸಾಮಾನ್ಯವಾಗಿ ಇರುವುದು ಫಿಪ್ರೊನಿಲ್. ಅದು ಚರ್ಮದ ಎಣ್ಣೆಯಲ್ಲಿ ಬೆರೆತು ಮೈಯೆಲ್ಲಾ ಹರಡುತ್ತದೆ. ಅದಕ್ಕೇ ಹಾಕುವ ಎರಡು ದಿನ ಮೊದಲೂ, ಹಾಕಿದ ಮೇಲೆ ಎರಡು ದಿನವೂ ಸ್ನಾನ ಬೇಡ. ಶಾಂಪೂ ಎಣ್ಣೆ ತೊಳೆದುಬಿಟ್ಟರೆ ಔಷಧಿ ಹರಡುವುದು ಯಾವುದರ ಮೇಲೆ? ಕೂದಲಿನ ಮೇಲೆ ಸುರಿದು ಬರಬೇಡಿ, ಕೂದಲು ಬಿಡಿಸಿ ಚರ್ಮ ಕಾಣಿಸಿದ ಮೇಲೆ ಹಾಕಿ. ಅದೂ ಕತ್ತಿನ ಹಿಂದೆ, ಎರಡು ಹೆಗಲ ನಡುವೆ, ನಾಲಿಗೆ ಎಟುಕದ ಕಡೆ.

ಕಾಲರ್‌ಗಳಲ್ಲಿ ಫ್ಲುಮೆಥ್ರಿನ್, ಇಮಿಡಾಕ್ಲೋಪ್ರಿಡ್ ಎರಡೂ ಇರುವುದು ಎಂಟು ತಿಂಗಳವರೆಗೆ ಬರುತ್ತದೆ. ಹಾರದ ಥರ ನೇತಾಡಿಸಿದರೆ ಕೆಲಸ ಮಾಡುವುದಿಲ್ಲ. ಎರಡು ಬೆರಳು ತೂರುವಷ್ಟು ಬಿಗಿ ಇರಬೇಕು, ಚರ್ಮಕ್ಕೆ ತಾಗಬೇಕು. ನಾಯಿಯನ್ನು ತಬ್ಬಿಕೊಂಡು ಮಲಗುವ ಚಿಕ್ಕ ಮಕ್ಕಳಿದ್ದರೆ ನಾನು ಕಾಲರ್ ಹೇಳುವುದಿಲ್ಲ. ಇನ್ನು ಡಾಕ್ಟರನ್ನು ಕೇಳದೆ ಮೂರನ್ನೂ ಒಟ್ಟಿಗೆ ಹಾಕಲು ಹೋಗಬೇಡಿ.

ಪ್ರಶ್ನೆ: ನಮ್ಮಲ್ಲಿ ಎರಡು ಮುಧೋಳ ನಾಯಿ ಇವೆ, ಹೊಲದಲ್ಲೇ ಇರುತ್ತವೆ. ಎಮ್ಮೆಗೆ ತಂದ ಉಣ್ಣಿ ಔಷಧಿಯನ್ನೇ ಇವಕ್ಕೂ ಹಚ್ಚಬಹುದೇ? ಗೆಳೆಯರೊಬ್ಬರು ದನದ ಇಂಜೆಕ್ಷನ್ನೇ ಕೊಡಿಸು, ಒಂದೇ ಸಲಕ್ಕೆ ಮುಗಿಯುತ್ತದೆ ಅನ್ನುತ್ತಾರೆ. (ಜಮಖಂಡಿ)

ಉತ್ತರ: ಮುಗಿಯುವುದು ಉಣ್ಣಿಯೋ ನಾಯಿಯೋ ಅಂತ ಗೆಳೆಯರನ್ನು ಕೇಳಿ.

ಎಮ್ಮೆಗೆ ತರುವುದು ಹೆಚ್ಚಾಗಿ ಡೆಲ್ಟಾಮೆಥ್ರಿನ್ ಅಥವಾ ಅಮಿಟ್ರಾಜ್. ಲೀಟರ್ ನೀರಿಗೆ ಕೆಲವೇ ಮಿಲಿ ಬೆರೆಸಿ ಹಾಕುವಂಥವು. ನಾಯಿಗೂ ಅಮಿಟ್ರಾಜ್ ಬಳಸುತ್ತೇವೆ, ಒಂದು ಥರದ ಕಜ್ಜಿಗೆ. ಆದರೆ ಅಳತೆ ನೋಡಿ, ಮೈಮೇಲೆ ಗಾಯ ಇಲ್ಲದಾಗ, ನೆಕ್ಕದ ಹಾಗೆ ಕಾವಲು ಕೂತು. ಹೊಲದಲ್ಲಿ ಮುಚ್ಚಳದಲ್ಲಿ ಅಳೆದು, ಸಾಲದು ಅಂತ ಇನ್ನೊಂದು ಮುಚ್ಚಳ ಸುರಿದು, ಬ್ರಷ್ಷಿನಲ್ಲಿ ಉಜ್ಜಿದರೆ ಅಷ್ಟು ವಿಷ ಸಣ್ಣ ಮೈಗೆ ಇಳಿಯುತ್ತದೆ. ಎಮ್ಮೆಯ ತೂಕ ಎಷ್ಟು, ನಿಮ್ಮ ನಾಯಿಯ ತೂಕ ಎಷ್ಟು? ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಕೀಟನಾಶಕವಂತೂ ಹತ್ತಿರವೂ ತರಬೇಡಿ. ಅದರಿಂದ ಜೊಲ್ಲು ಸುರಿಸುತ್ತಾ, ಭೇದಿ ಮಾಡುತ್ತಾ, ನಡುಗುತ್ತಾ ಬಂದ ನಾಯಿಗಳನ್ನು ನೋಡಿದ್ದೇನೆ. ಕೆಲವು ಬರುವ ದಾರಿಯಲ್ಲೇ ಹೋಗಿರುತ್ತವೆ.

ಗೆಳೆಯರು ಹೇಳಿದ್ದು ಐವರ್ಮೆಕ್ಟಿನ್ ಇರಬೇಕು. ದನದ ಇಂಜೆಕ್ಷನ್ 50 ಕೆಜಿ ತೂಕಕ್ಕೆ 1 ಮಿಲಿ ಲೆಕ್ಕದ್ದು. 20 ಕೆಜಿ ನಾಯಿಗೆ "ಒಂದು ಮಿಲಿ ಹಾಕು ಮಾರಾಯಾ" ಅಂದರೆ ಎರಡೂವರೆ ಪಟ್ಟು ಹೋಯಿತು. ಕಾಲಿ, ಬಾರ್ಡರ್ ಕಾಲಿ ಥರದ ಕುರಿ ಕಾಯುವ ನಾಯಿ ತಳಿಗಳಲ್ಲಿ ಈ ಔಷಧಿ ಮೆದುಳಿಗೇ ನುಗ್ಗಬಹುದು. ಆ ರಕ್ತ ಬೆರೆತ ಮಿಶ್ರ ತಳಿಗಳಲ್ಲೂ ಅಷ್ಟೇ. ಕಣ್ಣು ಕಾಣದೆ ತೂರಾಡುತ್ತವೆ, ಕೋಮಾಕ್ಕೆ ಹೋಗುತ್ತವೆ. ಇಷ್ಟೆಲ್ಲಾ ಮಾಡಿ ಉಣ್ಣಿಗೆ ಅದು ಅಂಥಾ ಒಳ್ಳೆಯ ಔಷಧಿಯೂ ಅಲ್ಲ.

ಈಗಾಗಲೇ ಏನಾದರೂ ಹಚ್ಚಿ ನಾಯಿ ನಡುಗುತ್ತಿದ್ದರೆ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಿ. ವಾಂತಿ ಮಾಡಿಸಲು ಹೋಗಬೇಡಿ. ಟವೆಲ್ ಸುತ್ತಿ ಆಸ್ಪತ್ರೆಗೆ ಹೊರಡಿ, ಔಷಧಿಯ ಬಾಟಲಿ ಜೊತೆಗಿರಲಿ. ಅದರ ಮೇಲಿನ ಹೆಸರು ಓದಿದರೆ ನಮಗೆ ಅರ್ಧ ಕೆಲಸ ಮುಗಿದ ಹಾಗೆ.

ನಿಮಗೊಂದು ಅನುಕೂಲ ಇದೆ. ಮುಧೋಳ ನಾಯಿಯ ಕೂದಲು ಗಿಡ್ಡ, ಉಣ್ಣಿ ಅಡಗಲು ಜಾಗ ಕಮ್ಮಿ. ಸಂಜೆ ಹೊಲದಿಂದ ಬಂದಾಗ ಕಿವಿಯ ಒಳಮಡಿಕೆ, ಕತ್ತು, ಮುಂಗಾಲಿನ ಕಂಕುಳು, ಕಾಲ್ಬೆರಳ ಸಂದಿ ಇಷ್ಟು ಸವರಿ ನೋಡಿದರೂ ಬಹಳಷ್ಟು ಸಿಕ್ಕಿಬೀಳುತ್ತವೆ.

ಪ್ರಶ್ನೆ: ಉಣ್ಣಿ ಕೀಳುವುದು ಹೇಗೆ? ಅಜ್ಜಿ ಸೀಮೆಎಣ್ಣೆ ಹಾಕುತ್ತಾರೆ, ಅಪ್ಪ ಊದುಬತ್ತಿ ಚುಚ್ಚುತ್ತಾರೆ. (ಹಾಸನ)

ಉತ್ತರ: ಇಬ್ಬರಿಗೂ ನಮಸ್ಕಾರ ಹೇಳಿ, ಎರಡೂ ಬೇಡ. ಸೀಮೆಎಣ್ಣೆ ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೂ ಹೋಗುತ್ತದೆ. ಹೊಗೆಸೊಪ್ಪಿನ ನೀರು, ಸುಟ್ಟ ಎಂಜಿನ್ ಆಯಿಲ್, ಜಿರಳೆ ಚಾಕ್ ಎಲ್ಲ ಇದೇ ಸಾಲಿಗೆ. ಉಣ್ಣಿಗೆ ಬಿಸಿ ತಾಗಿಸಿ ಕೆಣಕಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ವಾಪಸ್ ನಾಯಿಯ ಮೈಗೇ ಕಕ್ಕಬಹುದು. ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಹಾಗೆ ಬಾಯಿಯ ಹತ್ತಿರ ಹಿಡಿದು, ತಿರುಚದೆ, ದಿಢೀರ್ ಅಂತ ಜಗ್ಗದೆ, ನಿಧಾನಕ್ಕೆ ನೇರ ಎಳೆಯಿರಿ. ಹೊಟ್ಟೆ ಹಿಡಿದು ಹಿಸುಕಬೇಡಿ. ಕಿತ್ತದ್ದನ್ನು ಸೋಪಿನ ನೀರಿಗೋ ಸ್ಪಿರಿಟ್ಟಿಗೋ ಹಾಕಿ. ಉಗುರಿನಲ್ಲಿ ಚಿಟಿಕ್ ಅಂತ ಒಡೆಯುವ ಅಭ್ಯಾಸ ಎಷ್ಟೋ ಜನಕ್ಕಿದೆ, ಆ ರಕ್ತ ನಿಮ್ಮ ಕೈಗೆ ಯಾಕೆ? ಬಾಯಿಯ ಚೂರು ಚರ್ಮದಲ್ಲೇ ಉಳಿದರೆ ಸೂಜಿ ಹಾಕಿ ಕೆದಕಬೇಡಿ, ತಾನೇ ಹೊರಬರುತ್ತದೆ.

ಪ್ರಶ್ನೆ: ನಮ್ಮ ನಾಯಿ ದಿನಾ ತೋಟ, ಕಾಡು ಸುತ್ತಿ ಮೈತುಂಬಾ ಉಣುಗು (ಕಾಡಿನ ಉಣ್ಣಿ) ಹತ್ತಿಸಿಕೊಂಡು ಬರುತ್ತದೆ. ಇದರಿಂದ ಮಂಗನ ಕಾಯಿಲೆ ಬರುತ್ತಾ? (ತೀರ್ಥಹಳ್ಳಿ)

ಉತ್ತರ: ನಾಯಿಗೆ ಕಾಯಿಲೆ ಬಂದು ನಾಯಿಯಿಂದ ನಿಮಗೆ ಅಂಟುತ್ತದೆ ಅನ್ನುವ ಭಯ ಬೇಡ. ಆದರೆ ಉಣುಗಿನ ಭಯ ಇರಲಿ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಈ ವೈರಸ್ ಪತ್ತೆಯಾಯಿತು. ಕಾಡಿನ ಹೆಸರೇ ಕಾಯಿಲೆಗೂ ಬಂತು, ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಬೆಂಗಳೂರಿನ ಗೋಡೆ ಹತ್ತುವ ಉಣ್ಣಿ ಬೇರೆ, ಇದನ್ನು ಹರಡುವ ಕಾಡಿನ ಉಣುಗು ಬೇರೆ. ಮುಸಿಯ (ಕಪ್ಪು ಮುಖದ ಕೋತಿ), ಮಂಗಗಳಿಗೆ ಸೋಂಕು ತಗುಲಿ ಅವು ಸತ್ತು ಬಿದ್ದಾಗ ಮೈಮೇಲಿನ ಉಣುಗುಗಳು ಅಲ್ಲೇ ಉದುರುತ್ತವೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಎಳೆ ಉಣುಗು, ಒಂದೆರಡು ಮಿಲಿಮೀಟರ್ ಅಷ್ಟೇ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ನವೆಂಬರ್‌ನಿಂದ ಮೇವರೆಗೆ ಇದರ ಕಾಟ ಜಾಸ್ತಿ, ದರಗು (ಒಣಗಿದ ಎಲೆ) ಗುಡಿಸಿ ತರುವ ಕಾಲವೂ ಅದೇ ಅಲ್ವಾ. ಕಾಡಿಗೆ ಹೋದ ದನ, ನಾಯಿ, ತಲೆಮೇಲಿನ ದರಗಿನ ಹೊರೆ ಯಾವುದರ ಜೊತೆಗಾದರೂ ಉಣುಗು ಮನೆಗೆ ಬರಬಹುದು.

ಹಾಗಾಗಿ ಆ ತಿಂಗಳುಗಳಲ್ಲಿ ನಾಯಿಯನ್ನು ಕಾಡಿಗೆ ಬಿಡದಿದ್ದರೆ ಒಳ್ಳೆಯದು. ಮಲೆನಾಡಿನ ನಾಯಿ ಕಟ್ಟಿಹಾಕಿದರೆ ಊರೆಲ್ಲಾ ಕೇಳುವ ಹಾಗೆ ಕೂಗುತ್ತದೆ, ಅದೂ ಗೊತ್ತು. ಬಿಡಲೇಬೇಕೆಂದರೆ ನವೆಂಬರ್‌ಗೆ ಮೊದಲೇ ಉಣ್ಣಿ ಔಷಧಿ ಶುರುಮಾಡಿ ಮಳೆ ಹಿಡಿಯುವವರೆಗೂ ತಪ್ಪಿಸಬೇಡಿ. ದರಗಿನ ರಾಶಿಯ ಮೇಲೆ ಮಲಗಲು ಬಿಡಬೇಡಿ. ಮನೆಯೊಳಗೆ, ಹಾಸಿಗೆ ಮೇಲಂತೂ ಬೇಡವೇ ಬೇಡ. ಆರೋಗ್ಯ ಇಲಾಖೆಯವರು ಕೊಡುವ, ಉಣುಗು ಹತ್ತದ ಹಾಗೆ ತಡೆಯುವ ಡೇಪಾ ಎಣ್ಣೆ ಇರುವುದು ನಿಮ್ಮ ಕೈಕಾಲಿಗೆ ಹಚ್ಚಲು. ನಾಯಿಗೆ ಹಚ್ಚಬೇಡಿ, ಅದು ನೆಕ್ಕುತ್ತದೆ. ಸತ್ತ ಮಂಗ ಕಂಡರೆ ನಾಯಿಯನ್ನು ಕರೆದುಕೊಂಡು ದೂರ ಸರಿಯಿರಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಯಲ್ಲಿ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ನಾಯಿ ಮೂರು ದಿನದಿಂದ ಊಟ ಬಿಟ್ಟಿದೆ. ನಿನ್ನೆ ಮೂಗಿನಲ್ಲಿ ರಕ್ತ ಬಂತು. ಪ್ಲೇಟ್‌ಲೆಟ್ ಕಮ್ಮಿ ಅಂದರು, ಪಪ್ಪಾಯಿ ಎಲೆ ರಸ ಕೊಡುತ್ತಿದ್ದೇವೆ. (ದಾವಣಗೆರೆ)

ಉತ್ತರ: ಇದನ್ನು ಓದುವ ಹೊತ್ತಿಗೆ ನೀವು ಆಸ್ಪತ್ರೆಗೆ ಹೋಗಿರುತ್ತೀರಿ ಅಂದುಕೊಂಡಿದ್ದೇನೆ. ಬೇರೆಯವರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಪ್ಲೇಟ್‌ಲೆಟ್ ಅಂದ ತಕ್ಷಣ ಡೆಂಗೆ ನೆನಪಾಗಿ ಪಪ್ಪಾಯಿ ಎಲೆಗೆ ಕೈ ಹಾಕುತ್ತೇವೆ. ನಾಯಿಯಲ್ಲಿ ಇದು ಹೆಚ್ಚಾಗಿ ಉಣ್ಣಿ ಜ್ವರ. ಒಂದು ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾ, ಬಿಳಿ ರಕ್ತಕಣದೊಳಗೆ ಕೂರುತ್ತದೆ. ಇನ್ನೊಂದು ಬಬೇಸಿಯಾ ಅನ್ನುವ ಪರಜೀವಿ, ಕೆಂಪು ರಕ್ತಕಣವನ್ನೇ ಒಡೆಯುತ್ತದೆ, ಆಗ ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದುಂಟು. ಎರಡೂ ಒಟ್ಟಿಗೆ ಬರುವುದೂ ಇದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೇಲ್ದುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಒಸಡು ಕಪ್ಪಗಿರುವ ನಾಯಿಗೆ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಗೆ ನೋಡಿ. ಬಿಳಿಚಿಕೊಂಡಿದ್ದರೆ, ಹೊಟ್ಟೆ ಚರ್ಮದಲ್ಲಿ ಕೆಂಪು ಚುಕ್ಕೆ ಕಂಡರೆ, ನಾಳೆ ನೋಡೋಣ ಅನ್ನಬೇಡಿ.

ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನಾಲ್ಕು ವಾರ ಕೊಡಬೇಕು. ಮೂರನೇ ದಿನಕ್ಕೆ ನಾಯಿ ಬಾಲ ಅಲ್ಲಾಡಿಸಿ ಅನ್ನ ತಿನ್ನುತ್ತದೆ, ಐದನೇ ದಿನಕ್ಕೆ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ತಿಂಗಳು ಬಿಟ್ಟು ಮತ್ತೆ ಬರುತ್ತಾರೆ. ಬಬೇಸಿಯಾಗೆ ಔಷಧಿಯೇ ಬೇರೆ, ಅದರಲ್ಲೂ ಗಿಬ್ಸೋನಿ ಅನ್ನುವ ಜಾತಿ ಹಟಮಾರಿ. ಆದ್ದರಿಂದ ರಕ್ತ ಪರೀಕ್ಷೆ ಮಾಡಿಸದೆ ಅಂದಾಜಿಗೆ ಔಷಧಿ ಕೊಡಿಸಬೇಡಿ. ಜ್ವರ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಐಬುಪ್ರೊಫೆನ್ ಹೊಟ್ಟೆಯಲ್ಲಿ ರಕ್ತ ಸುರಿಸುತ್ತದೆ, ಪ್ಲೇಟ್‌ಲೆಟ್ ಇಲ್ಲದ ನಾಯಿಯ ಪ್ರಾಣ ಹೋಗಲು ಅಷ್ಟು ಸಾಕು.

ಪ್ರಶ್ನೆ: ಬೇಸಿಗೆ ರಜೆಗೆ ಮುಂಬೈಯಿಂದ ಊರ ಮನೆಗೆ ಬಂದೆವು. ಬೀಗ ತೆಗೆದು ಒಳಗೆ ಕಾಲಿಟ್ಟ ಅರ್ಧ ಗಂಟೆಗೆ ಎಲ್ಲರ ಕಾಲಿಗೂ ಚಿಗಟ. ನಾಯಿ ಮೊದಲು ಜಗಲಿಯಲ್ಲಿ ಮಲಗುತ್ತಿತ್ತು, ಈಗ ಪಕ್ಕದ ಮನೆಯಲ್ಲಿದೆ. ನಾಯಿಯೇ ಇಲ್ಲದೆ ಚಿಗಟ ಹೇಗೆ ಬದುಕಿತು? ನಾಯಿಯ ಬಾಲದ ಕೆಳಗೆ ಅಕ್ಕಿ ಕಾಳಿನಂಥದ್ದೂ ಕಾಣುತ್ತಿದೆ. (ಕುಂದಾಪುರ)

ಉತ್ತರ: ಬದುಕಿದ್ದಲ್ಲ, ಗೂಡಿನಲ್ಲಿ ಕಾದದ್ದು. ಹೆಣ್ಣು ಚಿಗಟ ದಿನಕ್ಕೆ 40, 50 ಮೊಟ್ಟೆ ಇಡುತ್ತದೆ. ಮೊಟ್ಟೆ ಅಂಟಿಕೊಳ್ಳುವುದಿಲ್ಲ, ನಾಯಿ ಮೈ ಕೊಡವಿದಲ್ಲೆಲ್ಲ ಉದುರುತ್ತದೆ. ಮರಿಹುಳ ಧೂಳಿನಲ್ಲಿ ಬೆಳೆದು ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಇರಬಲ್ಲದು. ಯಾರೋ ನಡೆದ ಅದುರು, ಮೈಯ ಬಿಸಿ, ಬಿಟ್ಟ ಉಸಿರು ತಿಳಿದ ತಕ್ಷಣ ಒಡೆದು ಹಾರುತ್ತದೆ. ನೀವು ಬೀಗ ತೆಗೆದಿರಿ, ಅವಕ್ಕೆ ಊಟದ ಗಂಟೆ ಹೊಡೆಯಿತು.

ಗೂಡಿಗೆ ಸ್ಪ್ರೇ ನಾಟುವುದಿಲ್ಲ. ದಿನಾ ವ್ಯಾಕ್ಯೂಮ್ ಮಾಡಿ, ಅದಿಲ್ಲವಾದರೆ ನೆಲದ ಬಿರುಕು, ಮಂಚದಡಿ, ಚಾಪೆಯಡಿ ಒತ್ತಿ ಗುಡಿಸಿ, ಕಸವನ್ನು ಆಗಲೇ ಸುಟ್ಟುಬಿಡಿ. ಹಾಸಿಗೆ, ಕಂಬಳಿ ಬಿಸಿಲಿಗೆ. ಓಡಾಟ ಜಾಸ್ತಿಯಾದಷ್ಟೂ ಗೂಡು ಬೇಗ ಒಡೆಯುತ್ತದೆ, ಹೊರಬಂದವು ಸಾಯುತ್ತವೆ. ನಾಯಿಗೆ ಔಷಧಿ ಹಾಕಿದ್ದರೆ ಅದು ಮನೆಯಲ್ಲಿ ಓಡಾಡಿಕೊಂಡಿರಲಿ, ಕಚ್ಚಿದ ಚಿಗಟ ಉಳಿಯುವುದಿಲ್ಲ.

ಆ ಅಕ್ಕಿ ಕಾಳು ಲಾಡಿ ಹುಳದ ತುಂಡು. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗುತ್ತದೆ, ಚಿಗಟದ ಹೊಟ್ಟೆಯೊಳಗಿನ ಹುಳ ನಾಯಿಗೆ ಬರುತ್ತದೆ. ಪ್ರಾಜಿಕ್ವಾಂಟೆಲ್ ಇರುವ ಜಂತು ಮಾತ್ರೆ ಕೊಡಿಸಿ. ಚಿಗಟ ಉಳಿಸಿಕೊಂಡು ಬರೀ ಜಂತು ಮಾತ್ರೆ ಕೊಟ್ಟರೆ ಮುಂದಿನ ತಿಂಗಳು ಮತ್ತೆ ಅದೇ ಕಾಳು.

ಪ್ರಶ್ನೆ: ಮರಿಗಳಿಗೆ ಇಪ್ಪತ್ತು ದಿನ. ಮೈತುಂಬಾ ಚಿಗಟ. ಏನು ಹಾಕಲಿ? (ತುಮಕೂರು)

ಉತ್ತರ: ಮಾತ್ರೆ, ಕಾಲರ್ ಯಾವುದೂ ಬೇಡ, ವಯಸ್ಸಾಗಿಲ್ಲ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ ಸೋಪಿನ ನೀರಿಗೆ ಅದ್ದುತ್ತಾ ಹೋಗಿ. ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ಸ್ನಾನ, ಆಮೇಲೆ ಚೆನ್ನಾಗಿ ಒರೆಸಿ ಬೆಚ್ಚಗಿಡಿ, ಚಳಿಗೆ ಮರಿ ಬೇಗ ಕುಸಿಯುತ್ತದೆ. ಫಿಪ್ರೊನಿಲ್ ಸ್ಪ್ರೇಯನ್ನು ಎರಡು ದಿನದ ಮರಿಗೂ ಬಳಸಬಹುದು, ಎಷ್ಟು ಅಂತ ತೂಕ ನೋಡಿ ಡಾಕ್ಟರ್ ಹೇಳಲಿ. ತಾಯಿಗೂ ಅವತ್ತೇ ಔಷಧಿ ಆಗಬೇಕು. ಮರಿಯ ಒಸಡು ಬೆಳ್ಳಗಿದ್ದರೆ ಸುಮ್ನೆ ಬಾಚುತ್ತಾ ಕೂರಬೇಡಿ, ಎತ್ತಿಕೊಂಡು ಹೋಗಿ. ಅಂಗೈಯಷ್ಟಿರುವ ಮರಿಯನ್ನು ಚಿಗಟವೇ ರಕ್ತ ಹೀರಿ ಸಾಯಿಸಬಲ್ಲದು.

ಪ್ರಶ್ನೆ: ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದ ಮೇಲೆ ನಾಯಿ ಒಂದೇ ಸಮ ಸೀನುತ್ತದೆ. ಒಂದು ಹೊಳ್ಳೆಯಲ್ಲಿ ಮಾತ್ರ ರಕ್ತ. (ಮೂಡಿಗೆರೆ)

ಉತ್ತರ: ಇಂಬಳ (ಜಿಗಣೆ) ಮೂಗಿಗೆ ಹೋಗಿರಬಹುದು. ಸ್ವಲ್ಪ ಹೊತ್ತು ನೀರು ಕೊಡದೆ ಇಟ್ಟು, ಆಮೇಲೆ ಅಗಲ ಬೋಗುಣಿಯಲ್ಲಿ ತಣ್ಣೀರು ಮುಂದಿಡಿ. ನಾಯಿ ಕುಡಿಯುವಾಗ ಇಂಬಳವೂ ನೀರಿನ ಆಸೆಗೆ ಹೊಳ್ಳೆಯಿಂದ ಇಣುಕಬಹುದು. ಬಟ್ಟೆ ಸುತ್ತಿದ ಬೆರಳಲ್ಲೋ ಚಿಮಟದಲ್ಲೋ ಹಿಡಿದುಬಿಡಿ, ಬರಿಗೈಗೆ ಜಾರುತ್ತದೆ. ಎರಡು ಮೂರು ಸಲಕ್ಕೂ ಸಿಗದಿದ್ದರೆ ಡಾಕ್ಟರ ಹತ್ತಿರ ತೆಗೆಸಿ. ಮೂಗಿನೊಳಗೆ ಉಪ್ಪು, ಸುಣ್ಣ, ಹೊಗೆಸೊಪ್ಪು ತುರುಕಬೇಡಿ. ಕಾಲ್ಬೆರಳಿಗೆ ಹತ್ತಿದ್ದಕ್ಕೆ ಚಿಟಿಕೆ ಉಪ್ಪು ಸಾಕು. ಸೀನಿಲ್ಲದೆ ರಕ್ತ ಬಂದರೆ, ಎರಡೂ ಹೊಳ್ಳೆಯಲ್ಲಿ ಬಂದರೆ, ದಾವಣಗೆರೆಯವರಿಗೆ ಬರೆದದ್ದನ್ನು ಓದಿ.

ಪ್ರಶ್ನೆ: ನಾಯಿಗೆ ತಂದ ಹನಿ ಔಷಧಿ ಉಳಿದಿದೆ. ಬೆಕ್ಕಿಗೆ ಹಾಕಲಾ? (ಹುಬ್ಬಳ್ಳಿ)

ಉತ್ತರ: ಬೇಡ. ನಾಯಿಯ ಕೆಲವು ಹನಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸಲು ಆಗುವುದಿಲ್ಲ, ನಡುಕ ಹತ್ತಿ ಸಾಯಬಹುದು. ನಾಯಿಗೆ ಹಾಕಿದ ದಿನ ಬೆಕ್ಕು ಅದಕ್ಕೆ ಒರಗಿ ಮಲಗಿದರೂ ತೊಂದರೆ, ಒಣಗುವವರೆಗೆ ಎರಡನ್ನೂ ಬೇರೆ ಕೋಣೆಯಲ್ಲಿಡಿ. ಬೆಕ್ಕಿಗೆಂದೇ ಬರುವ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಡಬ್ಬದ ಮೇಲೆ ಬೆಕ್ಕಿನ ಚಿತ್ರ ಇದೆಯಾ ನೋಡಿ ತನ್ನಿ.